ಕಂದಹಾರ್ ಸ್ಕೀ ಓಟ ಅಫ್ಘಾನಿಸ್ತಾನದ್ದಾ? ಆ ವಿಡಿಯೋ ಹಿಂದಿನ ನೂರು ವರ್ಷದ ಕತೆ

ಸ್ಕೀ ಓಟದ ಒಂದು ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬಿಗಿ ಉಡುಪು ತೊಟ್ಟ ಒಬ್ಬಾತ ಹಿಮದ ಇಳಿಜಾರಿನಲ್ಲಿ ಬಾಣದಂತೆ ನುಗ್ಗುತ್ತಾನೆ, ಗಾಳಿಯಲ್ಲಿ ಹಾರುತ್ತಾನೆ, ಮತ್ತೆ ನೆಲ ಮುಟ್ಟಿ ಓಡುತ್ತಾನೆ. ಪಕ್ಕದ ಬ್ಯಾನರಿನಲ್ಲಿ 'ಕಂದಹಾರ್' ಎಂಬ ಹೆಸರು. ಕೆಳಗಿನ ಬರಹದ ಸಾರಾಂಶ ಇಷ್ಟು: "ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ ಹುಟ್ಟಿದ ಸಾವಿನ ಓಟ. 92 ಡಿಗ್ರಿ ಇಳಿಜಾರು. ಬ್ರೇಕ್ ಇಲ್ಲ. ಗಂಟೆಗೆ 160 ಕಿಲೋಮೀಟರ್. ಗಂಡೆದೆ ಇದ್ದವರು ಮಾತ್ರ ನೋಡಿ, ಹತ್ತು ಜನಕ್ಕೆ ಕಳಿಸಿ."

ನಮಗೆ ಇದನ್ನು ಕಳಿಸಿ "ನಿಜವಾ?" ಎಂದು ಕೇಳಿದವರು ಕೆಲವರಿದ್ದಾರೆ. ಒಂದೇ ಮಾತಿನಲ್ಲಿ ಹೇಳುವುದಾದರೆ ವಿಡಿಯೋ ನಿಜ, 160 ಕೂಡ ಹೆಚ್ಚುಕಡಿಮೆ ನಿಜ, ಉಳಿದದ್ದು ಸುಳ್ಳು. ಆದರೆ ಆಲ್ಪ್ಸ್ ಪರ್ವತದ ಹಿಮದ ಮೇಲೆ ಕಂದಹಾರ್ ಹೆಸರು ಹೇಗೆ ಬಂತು ಎಂದು ಹುಡುಕುತ್ತಾ ಹೋದಾಗ ನಾವು ಬಂದು ನಿಂತದ್ದು ಕಾನ್ಪುರ ಮತ್ತು ಮದರಾಸಿನಲ್ಲಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇವೆ.

ಹೆಸರು ಎಲ್ಲಿಂದ ಬಂತು?

ಕಂದಹಾರ್ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು 1999ರ ಡಿಸೆಂಬರಿನ ವಿಮಾನ ಅಪಹರಣ. ಬ್ರಿಟಿಷರಿಗೆ ಆ ಹೆಸರು ಬೇರೆಯೇ ನೆನಪು. 1880ರಲ್ಲಿ, ಎರಡನೇ ಆಂಗ್ಲೋ-ಅಫ್ಘಾನ್ ಯುದ್ಧದ ಕಾಲದಲ್ಲಿ, ಫ್ರೆಡರಿಕ್ ರಾಬರ್ಟ್ಸ್ ಎಂಬ ಸೇನಾಧಿಕಾರಿ ಕಾಬೂಲಿನಿಂದ ಕಂದಹಾರ್‌ವರೆಗೆ ಸುಮಾರು 500 ಕಿಲೋಮೀಟರ್ ದೂರವನ್ನು ಸುಮಾರು ಮೂರು ವಾರದಲ್ಲಿ ಸೈನ್ಯ ನಡೆಸಿಕೊಂಡು ಹೋದ. ಸೆಪ್ಟೆಂಬರ್ 1ರಂದು ಅಯೂಬ್ ಖಾನನ ಸೈನ್ಯವನ್ನು ಸೋಲಿಸಿದ. ಆ ನಡಿಗೆಯಲ್ಲಿ ಸಿಖ್ಖರು, ಗೂರ್ಖರು ಸೇರಿದಂತೆ ಭಾರತದ ಸೈನಿಕರೇ ದೊಡ್ಡ ಸಂಖ್ಯೆಯಲ್ಲಿದ್ದರು. ಹೆಸರು ಮಾತ್ರ ಅವನದಾಯಿತು: 1892ರಲ್ಲಿ ಅವನನ್ನು ಲಾರ್ಡ್ ಮಾಡಿದಾಗ ಬಿರುದಿನಲ್ಲಿ ಕಂದಹಾರ್ ಸೇರಿಕೊಂಡಿತು. ಈ ರಾಬರ್ಟ್ಸ್ ಹುಟ್ಟಿದ್ದು 1832ರಲ್ಲಿ, ನಮ್ಮ ಕಾನ್ಪುರದಲ್ಲಿ.

ಇನ್ನೊಬ್ಬ ಮದರಾಸಿನವನು. ಹೆನ್ರಿ ಲನ್ ಎಂಬ ಮೆಥಡಿಸ್ಟ್ ಮಿಷನರಿ 1887ರ ಹೊತ್ತಿಗೆ ಮದರಾಸಿಗೆ ಬಂದಿದ್ದ. 1888ರ ಏಪ್ರಿಲ್‌ನಲ್ಲಿ ಅವನಿಗೆ ಅಲ್ಲಿ ಗಂಡುಮಗು ಹುಟ್ಟಿತು. ಹೆಸರು ಆರ್ನಲ್ಡ್. ಹೆನ್ರಿ ಇಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ, ಇಂಗ್ಲೆಂಡಿಗೆ ಮರಳಿ ಮುಂದೆ ಟ್ರಾವೆಲ್ ಏಜೆನ್ಸಿ ಶುರುಮಾಡಿದ. ಚಳಿಗಾಲದಲ್ಲಿ ಬಾಗಿಲು ಹಾಕುತ್ತಿದ್ದ ಸ್ವಿಟ್ಜರ್ಲೆಂಡಿನ ಹಳ್ಳಿಗಳ ಹೋಟೆಲುಗಳನ್ನು ತೆಗೆಸಿ, ದುಡ್ಡಿದ್ದ ಇಂಗ್ಲಿಷರನ್ನು ಹಿಮದ ಆಟಕ್ಕೆ ಕರೆದುಕೊಂಡು ಹೋಗುವುದು ಅವನ ವ್ಯಾಪಾರ. ಮಗನಿಗೆ ವ್ಯಾಪಾರಕ್ಕಿಂತ ಸ್ಕೀ ಮೇಲೆ ಹುಚ್ಚು. 1909ರಲ್ಲಿ ವೇಲ್ಸ್‌ನ ಬಂಡೆ ಹತ್ತುವಾಗ ಬಿದ್ದು ಆರ್ನಲ್ಡ್‌ನ ಕಾಲು ಮುರಿಯಿತು, ಗುಣವಾದ ಮೇಲೂ ಒಂದು ಕಾಲು ಗಿಡ್ಡವಾಗಿಯೇ ಉಳಿಯಿತು. ಇಳಿಜಾರಿನ ಸ್ಕೀ ಓಟಕ್ಕೆ ನಿಯಮ ಬರೆದು, ಜಗತ್ತು ಒಪ್ಪುವವರೆಗೆ ಜಗಳಾಡಿದವನು ಈ ಕುಂಟುಕಾಲಿನ ಮನುಷ್ಯನೇ.

1911ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಮೊಂಟಾನಾದಲ್ಲಿ ಒಂದು ಓಟ ನಡೆಯಿತು. ಕಪ್ ಕೊಟ್ಟವನು ಮುದುಕನಾಗಿದ್ದ ರಾಬರ್ಟ್ಸ್. ಹಾಗಾಗಿ 'ರಾಬರ್ಟ್ಸ್ ಆಫ್ ಕಂದಹಾರ್ ಕಪ್'. ಸ್ಪರ್ಧಿಗಳು ಹಿಂದಿನ ದಿನವೇ ಬೆಟ್ಟ ಹತ್ತಿ, ಗುಡಿಸಿಲಿನಂಥ ತಂಗುದಾಣದಲ್ಲಿ ಮಲಗಿ, ಬೆಳಿಗ್ಗೆ ಪ್ಲೇನ್ ಮೋರ್ಟ್ ಎಂಬ ಹಿಮನದಿಯ ಮೇಲಿಂದ ಎಲ್ಲರೂ ಒಟ್ಟಿಗೆ ಹೊರಟು ಊರಿಗೆ ಇಳಿದರು. ಗೆದ್ದವನು ಸೆಸಿಲ್ ಹಾಪ್ಕಿನ್ಸನ್, ತೆಗೆದುಕೊಂಡದ್ದು ಸುಮಾರು ಒಂದು ಗಂಟೆ. ಇಳಿಯುವುದನ್ನೇ ಗುರಿಯಾಗಿಸಿಕೊಂಡ ಸ್ಕೀ ಓಟಗಳ ಇತಿಹಾಸವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಹೇಳುತ್ತಾರೆ.

ಅಲ್ಲಿಂದ ಮುಂದೆ ಹೆಸರು ಹಬ್ಬಿತು. 1924ರಲ್ಲಿ ಆರ್ನಲ್ಡ್ ಲನ್ ಮತ್ತು ಗೆಳೆಯರು ಮ್ಯೂರನ್ ಎಂಬ ಹಳ್ಳಿಯಲ್ಲಿ ಕಟ್ಟಿದ ಸಂಘ 'ಕಂದಹಾರ್ ಸ್ಕೀ ಕ್ಲಬ್'. 1928ರಲ್ಲಿ ಆಸ್ಟ್ರಿಯಾದ ಸೇಂಟ್ ಆಂಟನ್‌ನಲ್ಲಿ ಶುರುವಾದ ಓಟ 'ಆರ್ಲ್‌ಬರ್ಗ್-ಕಂದಹಾರ್'. ಅದು ಊರೂರು ಸುತ್ತಿದ್ದರಿಂದ ಹೆಸರೂ ಸುತ್ತಿತು. ಜರ್ಮನಿಯ ಗಾರ್ಮಿಶ್‌ನಲ್ಲಿರುವ ಇಳಿಜಾರಿನ ಹೆಸರು ಇವತ್ತಿಗೂ 'ಕಂದಹಾರ್', ಫಾರ್ವರ್ಡ್‌ನಲ್ಲಿ ಕಾಣುವಂಥ ಬ್ಯಾನರುಗಳು ಅಲ್ಲಿನವು. ಅಫ್ಘಾನಿಸ್ತಾನದ ಆ ಊರಿಗೂ ಈ ಓಟಕ್ಕೂ ಇರುವ ಸಂಬಂಧ ಒಬ್ಬ ಸೇನಾಪತಿಯ ಬಿರುದು ಮಾತ್ರ.

ನರಕ ಎಂಬ ಹೆಸರಿನ ಓಟ

ಈ ಕ್ಲಬ್ಬಿನವರು ಶುರುಮಾಡಿದ್ದರಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಟಿವಿಯಲ್ಲಿ ಬರುವ ದೊಡ್ಡ ಓಟಗಳಲ್ಲ, 'ಇನ್ಫರ್ನೋ'. ಅಂದರೆ ನರಕ.

ಮ್ಯೂರನ್ ಹಳ್ಳಿ ಇರುವುದು ಸುಮಾರು 1,640 ಮೀಟರ್ ಎತ್ತರದಲ್ಲಿ, ಲೌಟರ್‌ಬ್ರುನೆನ್ ಎಂಬ ಆಳ ಕಣಿವೆಯ ಗೋಡೆಯ ಮೇಲೆ, ಅಟ್ಟದ ಮೇಲೆ ಇಟ್ಟ ಪಾತ್ರೆಯ ಹಾಗೆ. ಅದರ ಹಿಂದೆ ಶಿಲ್ಟ್‌ಹಾರ್ನ್ ಶಿಖರ, 2,970 ಮೀಟರ್. 1928ರ ಜನವರಿ 29ರಂದು 17 ಮಂದಿ ಮ್ಯೂರನ್‌ನಿಂದ ಆ ಶಿಖರಕ್ಕೆ ಹತ್ತಿದರು. ಆಗ ಕೇಬಲ್ ಕಾರ್ ಇರಲಿಲ್ಲ, ಅದು ಬಂದದ್ದು 1967ರಲ್ಲಿ. ಸ್ಕೀ ಹಿಂದಕ್ಕೆ ಜಾರದಂತೆ ಅದರ ತಳಕ್ಕೆ ಚರ್ಮದ ಪಟ್ಟಿ ಕಟ್ಟಿಕೊಂಡು ಗಂಟೆಗಟ್ಟಲೆ ನಡೆಯಬೇಕಿತ್ತು. ತುದಿ ಮುಟ್ಟಿ, ಪಟ್ಟಿ ಬಿಚ್ಚಿ, ಅಲ್ಲಿಂದ ಮ್ಯೂರನ್ ದಾಟಿ, ಕಣಿವೆಯ ತಳದಲ್ಲಿರುವ ಲೌಟರ್‌ಬ್ರುನೆನ್‌ವರೆಗೆ ಇಳಿದರು. ಅದು ಸುಮಾರು 800 ಮೀಟರ್ ಎತ್ತರದಲ್ಲಿದೆ. ಯಾರೂ ದಾರಿ ಸಮ ಮಾಡಿರಲಿಲ್ಲ. ಬಿದ್ದ ಹಿಮ ಬಿದ್ದ ಹಾಗೇ ಇತ್ತು: ಒಂದು ಕಡೆ ಪುಡಿ, ಒಂದು ಕಡೆ ಗಾಳಿಗೆ ಗಟ್ಟಿಯಾದ ಹಪ್ಪಳ, ಕೆಳಗೆ ಬಂದಂತೆ ಕೆಸರಿನಂಥದ್ದು. ಗೆದ್ದ ಹೆರಾಲ್ಡ್ ಮಿಚೆಲ್ ತೆಗೆದುಕೊಂಡದ್ದು 1 ಗಂಟೆ 12 ನಿಮಿಷ.

ಆ 17 ಜನರಲ್ಲಿ ನಾಲ್ವರು ಹೆಂಗಸರು. ಅವರಲ್ಲಿ ಡೊರೀನ್ ಎಲಿಯಟ್ ಒಟ್ಟು ಪಟ್ಟಿಯಲ್ಲೇ ನಾಲ್ಕನೆಯವಳಾಗಿ ಬಂದಳು. ಮ್ಯೂರನ್‌ನಲ್ಲಿ 1923ರಷ್ಟು ಹಿಂದೆಯೇ ಮಹಿಳೆಯರು ತಮ್ಮದೇ ಸ್ಕೀ ಕ್ಲಬ್ ಕಟ್ಟಿಕೊಂಡಿದ್ದರು. ಫಾರ್ವರ್ಡ್‌ನ 'ಗಂಡೆದೆ' ಮಾತು ಮೊದಲ ವರ್ಷವೇ ಬಿದ್ದುಹೋಗಿತ್ತು. 1931ರಲ್ಲಿ ಇದೇ ಹಳ್ಳಿಯಲ್ಲಿ ಆಲ್ಪೈನ್ ಸ್ಕೀಯ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಮಹಿಳೆಯರಿಗೂ ಸ್ಪರ್ಧೆಗಳಿದ್ದವು. ಎಸ್ಮೆ ಮೆಕಿನ್ನನ್ ಎಂಬಾಕೆ ಡೌನ್‌ಹಿಲ್, ಸ್ಲಾಲಮ್ ಎರಡನ್ನೂ ಗೆದ್ದಳು.

ಇಷ್ಟಾಗಲು ಲನ್ ಒಂದು ಜಗಳ ಗೆಲ್ಲಬೇಕಾಯಿತು. ಸ್ಕೀ ಹುಟ್ಟಿದ ನಾಡು ತಮ್ಮದು ಎನ್ನುವ ನಾರ್ವೆಯವರಿಗೆ ನಿಜವಾದ ಸ್ಕೀ ಎಂದರೆ ದೂರದ ನಡಿಗೆ ಮತ್ತು ಜಿಗಿತ. ಬೆಟ್ಟದಿಂದ ಜಾರಿಕೊಂಡು ಬರುವುದರಲ್ಲಿ ಏನು ದೊಡ್ಡಸ್ತಿಕೆ ಎನ್ನುವ ಧೋರಣೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಡೌನ್‌ಹಿಲ್ ಮತ್ತು ಸ್ಲಾಲಮ್‌ಗಳನ್ನು ಒಪ್ಪಿಕೊಂಡದ್ದು 1930ರಲ್ಲಿ, ಅದೂ ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಕೂತು. ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್‌ಗೆ ಸ್ವತಂತ್ರ ಪದಕ ಸಿಗಲು 1948ರವರೆಗೆ ಕಾಯಬೇಕಾಯಿತು.

ಲನ್ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗುತ್ತಿಲ್ಲ. ಸೇಂಟ್ ಆಂಟನ್‌ನ ಓಟವನ್ನು ಅವನು ಶುರುಮಾಡಿದ್ದು ಹಾನೆಸ್ ಶ್ನೈಡರ್ ಎಂಬ ಸ್ಥಳೀಯ ಸ್ಕೀ ಗುರುವಿನ ಜೊತೆ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾ ನುಂಗಿತು. ನಾತ್ಸಿಗಳ ವಿರುದ್ಧವಾಗಿದ್ದ ಶ್ನೈಡರನನ್ನು ಜೈಲಿಗೆ ಹಾಕಿದರು. ಆ ವರ್ಷದ ಓಟಕ್ಕೆ ಎಲ್ಲ ಸಿದ್ಧವಾಗಿತ್ತು, ಲನ್ ಅದನ್ನು ರದ್ದು ಮಾಡಿಬಿಟ್ಟ. ಮುಂದೆ ಶ್ನೈಡರ್ ಬಿಡುಗಡೆಯಾಗಿ 1939ರಲ್ಲಿ ಅಮೆರಿಕದ ನಾರ್ತ್ ಕಾನ್ವೇ ಎಂಬ ಊರು ಸೇರಿ, ಅಲ್ಲಿ ಮಕ್ಕಳಿಗೂ ದೊಡ್ಡವರಿಗೂ ಸ್ಕೀ ಕಲಿಸುತ್ತಾ ಉಳಿದ. ತಾನೇ ಹುಟ್ಟಿಸಿದ ಓಟವನ್ನು ಗೆಳೆಯನಿಗಾಗಿ ನಿಲ್ಲಿಸುವುದು ಸುಲಭದ ಮಾತಲ್ಲ.

92 ಡಿಗ್ರಿ ಇಳಿಜಾರು ಇರುತ್ತದಾ?

ಇರಲು ಸಾಧ್ಯವೇ ಇಲ್ಲ. 90 ಡಿಗ್ರಿ ಎಂದರೆ ನೆಟ್ಟಗೆ ನಿಂತ ಗೋಡೆ. 92 ಎಂದರೆ ಗೋಡೆ ನಿಮ್ಮ ಕಡೆಗೇ ಬಾಗಿದೆ ಎಂದರ್ಥ. ಅದರ ಮೇಲೆ ಹಿಮವೂ ನಿಲ್ಲುವುದಿಲ್ಲ, ಮನುಷ್ಯನೂ ನಿಲ್ಲುವುದಿಲ್ಲ.

ಗೊಂದಲ ಹುಟ್ಟಿದ್ದು ಶೇಕಡ ಮತ್ತು ಡಿಗ್ರಿಗಳ ನಡುವೆ. ಗಾರ್ಮಿಶ್‌ನ ಕಂದಹಾರ್ ಇಳಿಜಾರಿನ ಅತಿ ಕಡಿದಾದ ತುಂಡಿನ ಹೆಸರೇ 'ನೇರ ಬೀಳು' ಎಂಬರ್ಥದ್ದು, ಅದರ ಇಳಿಜಾರು ಶೇ. 92. ಅಡ್ಡಕ್ಕೆ 100 ಮೀಟರ್ ಹೋದಾಗ ಕೆಳಕ್ಕೆ 92 ಮೀಟರ್ ಇಳಿದರೆ ಅದು ಶೇ. 92. ಶೇ. 100 ಎಂದರೆ 45 ಡಿಗ್ರಿ, ಶೇ. 92 ಎಂದರೆ ಸುಮಾರು 43 ಡಿಗ್ರಿ. ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನ ಪ್ರಸಿದ್ಧ ಓಟದ ಶೇ. 85ನ್ನೂ ಹೀಗೆಯೇ 85 ಡಿಗ್ರಿ ಎಂದು ಬರೆದು ಹಂಚುವವರಿದ್ದಾರೆ. ನಿಜಕ್ಕೆ ಅದು 40 ಡಿಗ್ರಿ.

"ಬರೀ 43 ಡಿಗ್ರಿಯಾ" ಅನ್ನಬೇಡಿ. ಮಲೆನಾಡಿನ ಹೆಂಚಿನ ಮಾಡು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಹೆಂಚು ಸರಿಮಾಡಲು ಹತ್ತಿದವರನ್ನು ಕೇಳಿದರೆ ಅದು ಎಷ್ಟು ಕಡಿದು ಎಂದು ಹೇಳುತ್ತಾರೆ. ಅದಕ್ಕಿಂತ ಕಡಿದಾದ ಮಾಡಿನ ಮೇಲೆ ನೀರು ಹೊಯ್ದು ಮಂಜುಗಡ್ಡೆ ಮಾಡಿ, ಕಾಲಿಗೆ ನುಣುಪು ಹಲಗೆ ಕಟ್ಟಿಕೊಂಡು ನಿಂತ ಹಾಗೆ.

ಇನ್ಫರ್ನೋ ಅಷ್ಟು ಕಡಿದಲ್ಲ, ಆದರೆ ಉದ್ದ. ಈಗ ಅದು ಶಿಖರಕ್ಕಿಂತ ತುಸು ಕೆಳಗಿನಿಂದ ಹೊರಟು ಸುಮಾರು 14.9 ಕಿಲೋಮೀಟರ್ ಓಡುತ್ತದೆ, ಇಳಿಯುವ ಎತ್ತರ ಸುಮಾರು 1,990 ಮೀಟರ್. ನಮ್ಮ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ತುದಿಯಿಂದ ಮಂಗಳೂರಿನ ಕಡಲ ದಂಡೆಗೆ ಇಳಿದರೂ ಇಷ್ಟು ಇಳಿದ ಹಾಗಾಗುವುದಿಲ್ಲ. ಅದರ ನಡುನಡುವೆ ಸಪಾಟೂ ಇದೆ, ಏರೂ ಇದೆ, ಅಲ್ಲೆಲ್ಲ ಕೋಲು ಊರಿಕೊಂಡು ತಳ್ಳಬೇಕು. ತೊಡೆ ಉರಿಯುವುದು ಅಲ್ಲಿ.

160 ಕಿಲೋಮೀಟರ್ ವೇಗ?

ಇದು ನಿಜ, ಆದರೆ ಗಾರ್ಮಿಶ್‌ನದ್ದಲ್ಲ. 2013ರಲ್ಲಿ ಫ್ರಾನ್ಸಿನ ಯೊಹಾನ್ ಕ್ಲಾರೆ ಲೌಬರ್‌ಹಾರ್ನ್ ಓಟದಲ್ಲಿ ಗಂಟೆಗೆ 161.9 ಕಿ.ಮೀ. ಮುಟ್ಟಿದ. ಆ ಓಟ ನಡೆಯುವ ವೆಂಗನ್ ಹಳ್ಳಿ ಇರುವುದು ಮ್ಯೂರನ್‌ನ ಎದುರುಗಡೆ, ಅದೇ ಕಣಿವೆಯ ಇನ್ನೊಂದು ಗೋಡೆಯ ಮೇಲೆ. ವೆಂಗನ್‌ನಲ್ಲೂ ಇಂಗ್ಲಿಷರ ಕ್ಲಬ್ಬೊಂದು 1925ರಲ್ಲಿ ಹುಟ್ಟಿತ್ತು, ಹೆಸರು 'ಡೌನ್‌ಹಿಲ್ ಓನ್ಲಿ'. ಹತ್ತಲು ರೈಲು, ಇಳಿಯಲು ಮಾತ್ರ ಸ್ಕೀ ಎನ್ನುವ ಪಂಥ. ಎದುರುಬದುರಿನ ಈ ಎರಡು ಕ್ಲಬ್ಬುಗಳ ಪೈಪೋಟಿ, ಅಕ್ಕಪಕ್ಕದ ಊರುಗಳ ವಾಲಿಬಾಲ್ ಟೀಮುಗಳದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಲೌಬರ್‌ಹಾರ್ನ್ ಓಟವನ್ನು 1930ರಲ್ಲಿ ಶುರುಮಾಡಿದ್ದು ಮಾತ್ರ ವೆಂಗನ್ ಊರಿನವನೇ ಆದ ಅರ್ನ್ಸ್ಟ್ ಗೆರ್ಚ್.

ಇಷ್ಟು ವೇಗ ಎಲ್ಲಿಂದ ಬರುತ್ತದೆ? ಎತ್ತರದಿಂದ. ಇನ್ಫರ್ನೋದ 1,990 ಮೀಟರ್ ಇಳಿತದಲ್ಲಿ ಗಾಳಿಯೂ ಘರ್ಷಣೆಯೂ ಇಲ್ಲವೆಂದುಕೊಂಡರೆ, ಕೆಳಗೆ ಬಂದಾಗ ವೇಗ ಗಂಟೆಗೆ ಸುಮಾರು 710 ಕಿ.ಮೀ. ಆಗಬೇಕು. ವಿಮಾನದ ವೇಗ! ಆದರೆ ಇತ್ತೀಚಿನ ವರ್ಷಗಳಲ್ಲಿ ಗೆದ್ದವರು ತೆಗೆದುಕೊಳ್ಳುವುದು ಸುಮಾರು 14 ನಿಮಿಷ, ಸರಾಸರಿ ವೇಗ ಗಂಟೆಗೆ 64 ಕಿ.ಮೀ. ಉಳಿದದ್ದನ್ನು ತಿನ್ನುವುದು ಮುಖ್ಯವಾಗಿ ಗಾಳಿ, ಹಿಮದ ಘರ್ಷಣೆ ಮತ್ತು ತಿರುವುಗಳು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅವರು ಮೊಟ್ಟೆಯ ಹಾಗೆ ಮುದುಡಿ ಕೂರುವುದು, ಚರ್ಮಕ್ಕೆ ಅಂಟಿದಂಥ ಉಡುಪು ತೊಡುವುದು ಇದಕ್ಕೇ.

ಹಿಮ ಜಾರುವುದು ಯಾಕೆ ಎನ್ನುವುದಕ್ಕೂ ಒಂದು ಹಳೇ ತಪ್ಪು ಉತ್ತರ ಇದೆ, ನಾವೂ ಶಾಲೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇವೆ: "ಮೈಭಾರದ ಒತ್ತಡಕ್ಕೆ ಹಿಮ ಕರಗುತ್ತದೆ." ಲೆಕ್ಕ ಹಾಕಿ ನೋಡಿ. 80 ಕಿಲೋ ಮನುಷ್ಯ, 180 ಸೆಂ.ಮೀ. ಉದ್ದ 8 ಸೆಂ.ಮೀ. ಅಗಲದ ಎರಡು ಸ್ಕೀ. ಒಂದು ಚದರ ಸೆಂಟಿಮೀಟರಿಗೆ ಬೀಳುವ ಭಾರ 28 ಗ್ರಾಂ. ಮಂಜುಗಡ್ಡೆ ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು ಅಷ್ಟೇ ಜಾಗದ ಮೇಲೆ 130 ಕಿಲೋಗಿಂತ ಹೆಚ್ಚು ಭಾರ ಬೇಕು. ಸ್ಕೀ ತಾಗುವುದು ಹಿಮದ ಕಣಗಳ ತುದಿಗಳಿಗೆ ಮಾತ್ರ ಎಂದುಕೊಂಡರೂ ಮೈನಸ್ ಹತ್ತರ ಚಳಿಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ಹೆಚ್ಚಿನ ಕೆಲಸ ಮಾಡುವುದು ಉಜ್ಜಾಟದ ಬಿಸಿ. ಅಂಗೈ ಉಜ್ಜಿದರೆ ಬೆಚ್ಚಗಾಗುತ್ತದಲ್ಲ, ಹಾಗೆ. ಆ ಬಿಸಿಗೆ ಹಿಮದ ಮೇಲ್ಪದರ ತೆಳ್ಳಗೆ ಮೆತ್ತಗಾಗಿ ಜಾರಿಸುತ್ತದೆ.

ಬ್ರೇಕ್ ಇಲ್ಲವಾ?

ಇದೆ. ಸ್ಕೀಯ ಎರಡೂ ಬದಿಗೆ ಉಕ್ಕಿನ ಅಂಚು ಇರುತ್ತದೆ. ಸ್ಕೀಯನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ ಆ ಅಂಚನ್ನು ಹಿಮಕ್ಕೆ ಒತ್ತಿದರೆ ವೇಗ ಇಳಿಯುತ್ತದೆ. ಹೊಸಬರಿಗೆ ಮೊದಲು ಕಲಿಸಬೇಕಾದದ್ದೇ ನಿಲ್ಲುವುದು. 'ಸ್ಕೀ ಬ್ರೇಕ್' ಎಂಬ ಸಣ್ಣ ಕಡ್ಡಿಗಳೂ ಇವೆ, ಆದರೆ ಅವು ನಿಮಗಲ್ಲ, ಸ್ಕೀಗೆ. ಬಿದ್ದಾಗ ಬೂಟಿನಿಂದ ಕಳಚಿಕೊಂಡ ಸ್ಕೀ ತಾನೊಂದೇ ಕೆಳಗೋಡಿ ಇನ್ನೊಬ್ಬರಿಗೆ ಚುಚ್ಚದಿರಲಿ ಎಂದು.

ಈ ಕಳಚಿಕೊಳ್ಳುವುದು ಬಹಳ ಮುಖ್ಯ. 1930ರ ಆಸುಪಾಸಿನಲ್ಲಿ ಸ್ವಿಟ್ಜರ್ಲೆಂಡಿನ ಗ್ವೀಡೊ ರೋಜ್ ಎಂಬಾತ ಹಿಮ್ಮಡಿಯನ್ನು ಸ್ಪ್ರಿಂಗ್ ಮತ್ತು ಕೇಬಲ್‌ನಿಂದ ಬಿಗಿಯುವ ಕಟ್ಟು ತಯಾರಿಸಿದ. ಅದಕ್ಕೂ ಇಟ್ಟ ಹೆಸರು ಕಂದಹಾರ್! ಹಿಮ್ಮಡಿ ಸ್ಕೀಗೆ ಅಂಟಿಕೊಂಡದ್ದರಿಂದ ತಿರುಗಿಸುವುದು ಸುಲಭವಾಯಿತು, ಇಳಿಯುವ ವೇಗ ಹೆಚ್ಚಿತು. ಬಿದ್ದಾಗ ಮಾತ್ರ ಬಿಡುತ್ತಿರಲಿಲ್ಲ, ಸ್ಕೀ ತಿರುಗಿದ ಕಡೆ ಕಾಲೂ ತಿರುಗುತ್ತಿತ್ತು. ಈಗಿನ ಕಟ್ಟುಗಳು ಒಂದು ಮಿತಿ ಮೀರಿದ ಒತ್ತಡ ಬಿದ್ದರೆ ತಾವೇ ಬಿಟ್ಟುಕೊಳ್ಳುತ್ತವೆ. ಆ ಮಿತಿಯನ್ನು ನಿಮ್ಮ ತೂಕ, ವಯಸ್ಸು, ಅನುಭವ ನೋಡಿ ಹೊಂದಿಸಬೇಕು.

ನಮ್ಮ ತಂಡದಲ್ಲೊಬ್ಬರು ಕಾಲೇಜಿನ ಟೂರಿನಲ್ಲಿ ಮನಾಲಿ ಕಡೆ ಹೋಗಿದ್ದರು. ರಸ್ತೆಬದಿಯ ಅಂಗಡಿಯಲ್ಲಿ ಬಾಡಿಗೆಗೆ ಸ್ಕೀ ಸಿಕ್ಕಿತು. ಒಂದು ಸೈಜ್ ದೊಡ್ಡ ಬೂಟು, ಐದು ನಿಮಿಷದ ಪಾಠ. ತೂಕ ಎಷ್ಟು ಎಂದು ಯಾರೂ ಕೇಳಲಿಲ್ಲ. ಹೆಲ್ಮೆಟ್ ಕೇಳಿದ್ದಕ್ಕೆ "ಇಷ್ಟು ಸಣ್ಣ ಇಳಿಜಾರಿಗೆ ಯಾಕೆ ಮೇಡಂ" ಎಂಬ ಉತ್ತರ. ಅವರು ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲೂ ಹೋಗಿರಲಿಕ್ಕಿಲ್ಲ. ಆರು ವಾರ ಮಣಿಕಟ್ಟಿಗೆ ಪ್ಲಾಸ್ಟರ್. "ತಲೆ ಹಿಮಕ್ಕೆ ಬಡಿಯಿತು, ಪಕ್ಕದಲ್ಲೇ ಒಂದು ಬಂಡೆ ಇತ್ತು, ಅಷ್ಟೇ ವ್ಯತ್ಯಾಸ" ಎನ್ನುತ್ತಾರೆ.

ವಿಡಿಯೋದಲ್ಲಿ ಕಾಣದ ಸಂಗತಿಯೂ ಇದೇ. ಆ ಓಟಗಾರನ ತಲೆಗೆ ಹೆಲ್ಮೆಟ್ ಇದೆ, ಅದು ಕಡ್ಡಾಯ. ಇಳಿಜಾರಿನ ಎರಡೂ ಬದಿಗೆ ಸುರಕ್ಷಾ ಬಲೆ ಕಟ್ಟಿದ್ದಾರೆ, ಹೆಲಿಕಾಪ್ಟರ್ ಸಿದ್ಧವಿದೆ, ಅವನು ಚಿಕ್ಕಂದಿನಿಂದ ಕಲಿತು ಬಂದಿದ್ದಾನೆ. ಇಷ್ಟಿದ್ದೂ 1991ರಲ್ಲಿ ಲೌಬರ್‌ಹಾರ್ನ್‌ನಲ್ಲಿ ಗುರಿಯ ಹತ್ತಿರ ಬಿದ್ದ ಆಸ್ಟ್ರಿಯಾದ ಗೆರ್ನೋಟ್ ರೈನ್‌ಸ್ಟಾಡ್ಲರ್ ತೀರಿಕೊಂಡ, ಆ ವರ್ಷ ಓಟವನ್ನೇ ಕೈಬಿಟ್ಟರು. ಗುಲ್ಮಾರ್ಗ್, ಔಲಿ, ಸೋಲಾಂಗ್ ಕಡೆ ಹೊರಟವರು ಬಾಡಿಗೆ ಅಂಗಡಿಯಲ್ಲಿ ಹೆಲ್ಮೆಟ್ ಕೇಳಿ, ತೂಕ ಹೇಳಿ ಕಟ್ಟು ಹೊಂದಿಸಿಕೊಳ್ಳಿ, ಇಲ್ಲವೆಂದರೆ ಬೇರೆ ಅಂಗಡಿ ನೋಡಿ.

ಇನ್ನು ಇನ್ಫರ್ನೋ. ಅದು ಇವತ್ತಿಗೂ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಓಟಕ್ಕೆ ಮೊದಲು ರಾತ್ರಿ ಮೆರವಣಿಗೆ ಮಾಡಿ ಸೈತಾನನ ಬೊಂಬೆ ಸುಡುತ್ತಾರೆ, ನಮ್ಮ ಕಾಮದಹನದ ಹಾಗೆ. ಕೆಳಗೆ ಲೌಟರ್‌ಬ್ರುನೆನ್‌ನಲ್ಲಿ ಹಿಮ ಸಾಲದಿದ್ದರೆ ಓಟವನ್ನು ಮೇಲೆಯೇ ಮುಗಿಸುತ್ತಾರೆ. ಓಡುವವರಲ್ಲಿ ಹೆಚ್ಚಿನವರು ವೃತ್ತಿಪರರಲ್ಲ, ಅದಕ್ಕೆಂದೇ ರಜೆ ಹಾಕಿ ಬರುವ ಸಾಮಾನ್ಯರು. ಒಟ್ಟು ಸುಮಾರು 1,850 ಜನ. ಒಟ್ಟಿಗೆ ಬಿಟ್ಟರೆ ನಿಜವಾಗಿಯೂ ನರಕವಾಗುತ್ತದೆ, ಹಾಗಾಗಿ 12 ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ. ಲೆಕ್ಕ ಹಾಕಿದರೆ ಆರು ಗಂಟೆ ದಾಟುತ್ತದೆ. ಬೆಳಿಗ್ಗೆ ಮೊದಲು ಹೊರಟವರು ಕೆಳಗೆ ಊಟ ಮುಗಿಸಿ ಕೂತಿರುವಾಗಲೂ ಮೇಲೆ ಒಂದು ಸಾಲು ತನ್ನ ಸರದಿಗೆ ಕಾಯುತ್ತಾ ನಿಂತಿರುತ್ತದೆ.